ಜಾಸ್ತಿ ಹೋಗುವ ಮುಟ್ಟು, ಖಾಲಿಯಾಗುವ ಕಬ್ಬಿಣ: ಒಂದು ಅಧ್ಯಯನ ಟಿಪ್ಪಣಿ

ಈ ಪಾಠ ಓದುವಾಗ ಒಂದು ವಿಷಯ ಮೊದಲೇ ತಲೆಯಲ್ಲಿರಲಿ. ಹಿಮೋಗ್ಲೋಬಿನ್ ಇಳಿದ ಮೇಲೆ ಎಚ್ಚೆತ್ತುಕೊಂಡರೆ ಅದಾಗಲೇ ತಡವಾಗಿರುತ್ತದೆ. ದೇಹ ಕೂಡಿಟ್ಟುಕೊಂಡಿದ್ದ ಕಬ್ಬಿಣ ಅಷ್ಟು ಹೊತ್ತಿಗೆ ಮುಗಿದಿರುತ್ತದೆ. ರಕ್ತಹೀನತೆ ಈ ದಾರಿಯ ಕೊನೆಯ ಹಂತ, ಮೊದಲನೆಯದಲ್ಲ. ಇದೊಂದು ಸರಿಯಾಗಿ ಅರ್ಥವಾದರೆ ಪರೀಕ್ಷೆ, ಚಿಕಿತ್ಸೆ ಎಲ್ಲವೂ ತಾನಾಗಿಯೇ ಜೋಡಿಸಿಕೊಳ್ಳುತ್ತವೆ.

ಎಷ್ಟಾದರೆ ಜಾಸ್ತಿ?

ಒಂದು ಮುಟ್ಟಿನಲ್ಲಿ ಸರಾಸರಿ 30ರಿಂದ 40 ಮಿ.ಲೀ. ರಕ್ತ ಹೋಗುತ್ತದೆ. 80 ಮಿ.ಲೀ. ದಾಟಿದರೆ ಜಾಸ್ತಿ ಎಂಬ ಗೆರೆ 1966ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ನಡೆದ ಅಧ್ಯಯನದಿಂದ ಬಂತು. ಅದಕ್ಕಿಂತ ಹೆಚ್ಚು ಕಳೆದುಕೊಳ್ಳುವವರಲ್ಲಿ ಕಬ್ಬಿಣದ ಕೊರತೆ ಹೆಚ್ಚು ಎಂದು ಅಲ್ಲಿ ಕಂಡುಬಂತು. ದಿನಗಳ ಲೆಕ್ಕದಲ್ಲಿ 8 ದಿನ ದಾಟಿದರೆ ದೀರ್ಘ ಸ್ರಾವ. ಒಂದು ಮುಟ್ಟಿನಿಂದ ಇನ್ನೊಂದಕ್ಕೆ 24ರಿಂದ 38 ದಿನ ಇದ್ದರೆ ಸಹಜ.

ಆದರೆ ಯಾರೂ ಮನೆಯಲ್ಲಿ ಮಿ.ಲೀ. ಅಳೆಯುವುದಿಲ್ಲ, ಅಲ್ವಾ? ಅದಕ್ಕೇ ಈಗಿನ ವ್ಯಾಖ್ಯಾನ ಬೇರೆ. ಓಡಾಟ, ಕೆಲಸ, ನಿದ್ದೆ, ಮನಸ್ಸು, ಇವುಗಳಿಗೆ ಅಡ್ಡಿಯಾಗುವಷ್ಟು ಸ್ರಾವವಿದ್ದರೆ ಅದು ಜಾಸ್ತಿ. ಅಳತೆಗಿಂತ ಅನುಭವಿಸುವವರ ಮಾತಿಗೇ ಇಲ್ಲಿ ಬೆಲೆ. ನನಗೆ ಇದು ತುಂಬಾ ಸರಿ ಅನ್ನಿಸುತ್ತದೆ. "ಎಲ್ಲರಿಗೂ ಹೀಗೇ ಆಗುತ್ತದೆ" ಎಂಬ ಮಾತು ಕೇಳಿಕೊಂಡು ವರ್ಷಗಟ್ಟಲೆ ಸುಮ್ಮನಿರುವವರು ಬಹಳ ಜನ.

ಕೇಳಬೇಕಾದ ಪ್ರಶ್ನೆಗಳು ಸರಳ. ಗಂಟೆಗೋ ಎರಡು ಗಂಟೆಗೋ ಪ್ಯಾಡ್ ಬದಲಿಸಬೇಕಾಗುತ್ತದೆಯೇ? ಒಂದರ ಮೇಲೆ ಒಂದು ಪ್ಯಾಡ್ ಇಟ್ಟುಕೊಳ್ಳುತ್ತೀರಾ? ರಾತ್ರಿ ಬದಲಿಸಲೆಂದೇ ಏಳುತ್ತೀರಾ? ಸುಮಾರು 2.5 ಸೆಂ.ಮೀ.ಗಿಂತ ದೊಡ್ಡ, ಹೆಪ್ಪುಗಟ್ಟಿದ ರಕ್ತದ ಗಡ್ಡೆಗಳು ಹೋಗುತ್ತವೆಯೇ? ಬಟ್ಟೆ ಕಲೆಯಾಗುವ ಭಯಕ್ಕೆ ಹೊರಗೆ ಹೋಗುವುದನ್ನೇ ಬಿಡುತ್ತೀರಾ?

ಅಂಕಿ ಬೇಕೆನ್ನುವವರಿಗೆ 1990ರಲ್ಲಿ ಬಂದ ಚಿತ್ರಪಟ್ಟಿಯ ವಿಧಾನ ಇದೆ. ಪ್ಯಾಡ್ ಸ್ವಲ್ಪ ಕಲೆಯಾಗಿದ್ದರೆ 1 ಅಂಕ, ಮಧ್ಯಮವಾಗಿದ್ದರೆ 5, ಪೂರ್ತಿ ನೆನೆದಿದ್ದರೆ 20. ಸಣ್ಣ ಗಡ್ಡೆಗೆ 1, ದೊಡ್ಡದಕ್ಕೆ 5. ಒಟ್ಟು 100 ದಾಟಿದರೆ ಸುಮಾರು 80 ಮಿ.ಲೀ. ದಾಟಿದಂತೆ ಎಂದು ಲೆಕ್ಕ. ಮುಟ್ಟಿನ ಕಪ್ ಬಳಸುವವರಿಗೆ ಇನ್ನೂ ಸುಲಭ, ಅನೇಕ ಕಪ್‌ಗಳ ಮೇಲೆ ಅಳತೆಯ ಗೆರೆಯೇ ಇರುತ್ತದೆ. ಆದರೆ ಹೊರಬರುವುದೆಲ್ಲ ರಕ್ತವಲ್ಲ. ಸುಮಾರು ಅರ್ಧ ಭಾಗ ಗರ್ಭಕೋಶದ ಒಳಪದರದ ಚೂರು ಮತ್ತು ಇತರ ದ್ರವ. ಕಪ್‌ನಲ್ಲಿ 80 ಕಂಡ ಕೂಡಲೇ ಗಾಬರಿಯಾಗಬೇಕಿಲ್ಲ.

ಗಡ್ಡೆ ಯಾಕೆ ಬರುತ್ತದೆ ಎಂದು ಹಲವರು ಕೇಳುತ್ತಾರೆ. ಗರ್ಭಕೋಶದ ಒಳಗೆ ಹೆಪ್ಪನ್ನು ಕರಗಿಸುವ ಪ್ಲಾಸ್ಮಿನ್ ಎಂಬ ಕಿಣ್ವ ಕೆಲಸ ಮಾಡುತ್ತಿರುತ್ತದೆ. ಹಾಗಾಗಿ ಸ್ರಾವ ಸಾಮಾನ್ಯವಾಗಿ ನೀರಾಗಿಯೇ ಹರಿಯುತ್ತದೆ. ರಕ್ತ ಬರುವ ವೇಗ ಕರಗಿಸುವ ವೇಗವನ್ನು ಮೀರಿದಾಗ ಗಡ್ಡೆ ಉಳಿದುಬಿಡುತ್ತದೆ. ಅಂದರೆ ದೊಡ್ಡ ಗಡ್ಡೆ ಎಂದರೆ ಹರಿವು ಜೋರಾಗಿದೆ ಎಂದರ್ಥ. ಈ ಪ್ಲಾಸ್ಮಿನ್ ಚಿಕಿತ್ಸೆಯ ಭಾಗದಲ್ಲಿ ಮತ್ತೆ ಬರುತ್ತದೆ.

ಕಬ್ಬಿಣದ ಲೆಕ್ಕ

ಇಲ್ಲಿ ಪೆನ್ನು ಹಿಡಿದು ಕೂತು ಲೆಕ್ಕ ಮಾಡಿ. ಬಾಯಿಪಾಠಕ್ಕಿಂತ ಇದು ಚೆನ್ನಾಗಿ ನಿಲ್ಲುತ್ತದೆ.

1 ಗ್ರಾಂ ಹಿಮೋಗ್ಲೋಬಿನ್‌ನಲ್ಲಿ ಸುಮಾರು 3.4 ಮಿ.ಗ್ರಾಂ. ಕಬ್ಬಿಣ ಇರುತ್ತದೆ. ಹಿಮೋಗ್ಲೋಬಿನ್ ಚೆನ್ನಾಗಿದ್ದರೆ ಪ್ರತಿ 1 ಮಿ.ಲೀ. ರಕ್ತದಲ್ಲಿ ಹೆಚ್ಚುಕಡಿಮೆ ಅರ್ಧ ಮಿ.ಗ್ರಾಂ. ಕಬ್ಬಿಣ. ಮುಟ್ಟಿನಲ್ಲಿ 35 ಮಿ.ಲೀ. ಹೋದರೆ ಸುಮಾರು 17 ಮಿ.ಗ್ರಾಂ. ನಷ್ಟ. 28 ದಿನಕ್ಕೆ ಹಂಚಿದರೆ ದಿನಕ್ಕೆ 0.6 ಮಿ.ಗ್ರಾಂ. ಚರ್ಮ, ಕರುಳಿನಿಂದ ಉದುರುವ ಕೋಶಗಳ ಜೊತೆ ದಿನಕ್ಕೆ ಇನ್ನೊಂದು ಮಿ.ಗ್ರಾಂ. ಹತ್ತಿರ ಹೋಗುತ್ತದೆ. ಆಹಾರದಿಂದ ದೇಹ ಹೀರಿಕೊಳ್ಳುವುದು ದಿನಕ್ಕೆ 1ರಿಂದ 2 ಮಿ.ಗ್ರಾಂ. ಹೇಗೋ ಸರಿದೂಗುತ್ತದೆ.

ಈಗ 160 ಮಿ.ಲೀ. ಹೋಗುವವರನ್ನು ತೆಗೆದುಕೊಳ್ಳಿ. 80 ಮಿ.ಗ್ರಾಂ. ಕಬ್ಬಿಣ, ಅಂದರೆ ದಿನಕ್ಕೆ 2.9. ಉಳಿದ ನಷ್ಟ ಸೇರಿ 3.9. ಸಂಗ್ರಹ ಇಳಿಯುತ್ತಾ ಹೋದಂತೆ ಕರುಳು ಹೆಚ್ಚು ಹೀರಿಕೊಳ್ಳುತ್ತದೆ, ನಿಜ. ದಿನಕ್ಕೆ 2.5 ಬಂತು ಎಂದುಕೊಂಡರೂ 1.4 ಕೊರತೆ. ತಿಂಗಳಿಗೆ 40 ಮಿ.ಗ್ರಾಂ. ಸಂಗ್ರಹದಲ್ಲಿ 300 ಮಿ.ಗ್ರಾಂ. ಇದ್ದರೆ ಏಳೆಂಟು ತಿಂಗಳಲ್ಲಿ ಖಾಲಿ. ಈ ಏಳೆಂಟು ತಿಂಗಳೂ ಹಿಮೋಗ್ಲೋಬಿನ್ ವರದಿ ಸಹಜವಾಗಿಯೇ ಬರಬಹುದು! ಇಳಿಯುತ್ತಿರುವುದು ಫೆರಿಟಿನ್, ಅಂದರೆ ಕಬ್ಬಿಣವನ್ನು ಕೂಡಿಡುವ ಪ್ರೋಟೀನ್. ಅದು ಸಂಗ್ರಹದ ಕನ್ನಡಿ.

ಕ್ರಮ ಹೀಗೆ. ಮೊದಲು ಫೆರಿಟಿನ್ ಇಳಿಯುತ್ತದೆ. ಆಮೇಲೆ ಮೂಳೆಮಜ್ಜೆಗೆ ಕಬ್ಬಿಣ ಸಾಲದೆ ಕೆಂಪು ರಕ್ತಕಣಗಳು ಚಿಕ್ಕದಾಗಿ, ಪೇಲವವಾಗಿ ತಯಾರಾಗುತ್ತವೆ. ಕೊನೆಗೆ ಹಿಮೋಗ್ಲೋಬಿನ್ ಇಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಗರ್ಭಿಣಿಯಲ್ಲದ ವಯಸ್ಕ ಮಹಿಳೆಗೆ 100 ಮಿ.ಲೀ. ರಕ್ತದಲ್ಲಿ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ, 8ಕ್ಕಿಂತ ಕಡಿಮೆಯಿದ್ದರೆ ತೀವ್ರ. ಫೆರಿಟಿನ್ ಲೀಟರಿಗೆ 15 ಮೈಕ್ರೋಗ್ರಾಂಗಿಂತ ಕಡಿಮೆ ಎಂದರೆ ಕೊರತೆ ಎಂದು ಅದೇ ಸಂಸ್ಥೆ ಹೇಳುತ್ತದೆ. ಅನೇಕ ವೈದ್ಯರು 30ಕ್ಕಿಂತ ಕಡಿಮೆ ಕಂಡರೇ ಚಿಕಿತ್ಸೆ ಶುರು ಮಾಡುತ್ತಾರೆ. ಸೋಂಕು, ಉರಿಯೂತ ಇದ್ದಾಗ ಫೆರಿಟಿನ್ ಸುಳ್ಳೇ ಮೇಲೇರುತ್ತದೆ. ಆಗ ಬರೀ ಆ ಅಂಕಿ ನಂಬಬಾರದು.

ಇನ್ನೊಂದು ಸೂಕ್ಷ್ಮ ಇದೆ. ಹಿಮೋಗ್ಲೋಬಿನ್ 8ಕ್ಕೆ ಇಳಿದಾಗ 1 ಮಿ.ಲೀ. ರಕ್ತದಲ್ಲಿ ಇರುವ ಕಬ್ಬಿಣ ಸುಮಾರು 0.27 ಮಿ.ಗ್ರಾಂ. ಮಾತ್ರ. ಅಷ್ಟೇ ರಕ್ತ ಹೋದರೂ ಕಬ್ಬಿಣದ ನಷ್ಟ ಈಗ ಕಡಿಮೆ. ಹಾಗಾಗಿ ಎಷ್ಟೋ ಜನರ ಹಿಮೋಗ್ಲೋಬಿನ್ ಒಂದು ತಗ್ಗಿನ ಮಟ್ಟಕ್ಕೆ ಬಂದು ಅಲ್ಲೇ ನಿಂತುಬಿಡುತ್ತದೆ. ನಿಧಾನವಾಗಿ ಇಳಿದ ಕಾರಣ ದೇಹವೂ ಹೊಂದಿಕೊಂಡಿರುತ್ತದೆ. "ವರ್ಷದಿಂದ 8.5 ಇದೆ, ಇಳಿದಿಲ್ಲ, ಪರವಾಗಿಲ್ಲ" ಎಂಬ ಮಾತು ಕೇಳಿದರೆ ನೆಮ್ಮದಿಪಡಬೇಡಿ. ಅದು ಸುಧಾರಣೆಯಲ್ಲ, ಕಳೆದುಕೊಳ್ಳಲು ಹೆಚ್ಚು ಉಳಿದಿಲ್ಲ ಅಷ್ಟೇ. ಹೆರಿಗೆಯೋ ಆಪರೇಷನ್ನೋ ಬಂದರೆ ಆಗ ತಡೆದುಕೊಳ್ಳುವ ಶಕ್ತಿ ಇರುವುದಿಲ್ಲ.

ಲಕ್ಷಣಗಳು ಗೊತ್ತಿರುವವೇ: ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು, ಎದೆ ಡವಡವ, ತಲೆಸುತ್ತು, ಕೂದಲು ಉದುರುವುದು. ಮಂಜುಗಡ್ಡೆ ಅಥವಾ ಮಣ್ಣು ತಿನ್ನಬೇಕೆನಿಸುವುದು, ರಾತ್ರಿ ಕಾಲು ಆಡಿಸುತ್ತಲೇ ಇರಬೇಕೆನಿಸುವುದು, ಇವನ್ನು ಕೇಳದಿದ್ದರೆ ಯಾರೂ ತಾವಾಗಿ ಹೇಳುವುದಿಲ್ಲ. ಕೇಳಿ.

ಕಾರಣ ಹುಡುಕುವುದು

ಸ್ತ್ರೀರೋಗ ತಜ್ಞರ ಅಂತರರಾಷ್ಟ್ರೀಯ ಒಕ್ಕೂಟವಾದ ಫಿಗೊ 2011ರಲ್ಲಿ ಕಾರಣಗಳನ್ನು ಎರಡು ಗುಂಪು ಮಾಡಿತು. ಸ್ಕ್ಯಾನಿಂಗ್ ಅಥವಾ ಒಳಪದರದ ಚೂರಿನ ಪರೀಕ್ಷೆಯಲ್ಲಿ ಕಣ್ಣಿಗೆ ಕಾಣುವಂಥವು ಒಂದು ಕಡೆ: ಪಾಲಿಪ್ (ಒಳಪದರದಲ್ಲಿ ಬೆಳೆಯುವ ಮೆತ್ತನೆಯ ಗಂಟು), ಅಡಿನೋಮಯೋಸಿಸ್ (ಒಳಪದರ ಗರ್ಭಕೋಶದ ಸ್ನಾಯುವಿನೊಳಗೆ ಬೆಳೆಯುವುದು), ಫೈಬ್ರಾಯ್ಡ್ (ಗರ್ಭಕೋಶದ ಸ್ನಾಯುವಿನ ಗಂಟು, ಕ್ಯಾನ್ಸರ್ ಅಲ್ಲ), ಕ್ಯಾನ್ಸರ್ ಮತ್ತು ಅದರ ಮುಂಚಿನ ಬದಲಾವಣೆ. ಕಾಣದಂಥವು ಇನ್ನೊಂದು ಕಡೆ: ಹೆಪ್ಪುಗಟ್ಟುವ ದೋಷ, ಅಂಡಾಣು ಸರಿಯಾಗಿ ಬಿಡುಗಡೆಯಾಗದಿರುವುದು, ಒಳಪದರದ್ದೇ ತೊಂದರೆ, ಔಷಧ ಅಥವಾ ಕಾಪರ್-ಟಿಯಂಥ ಸಾಧನದ ಪರಿಣಾಮ. ಮುಟ್ಟು ಶುರುವಾದ ಮೊದಲ ಎರಡು ಮೂರು ವರ್ಷ, ಹಾಗೂ ನಿಲ್ಲುವ ಮುಂಚಿನ ವರ್ಷಗಳಲ್ಲಿ ಅಂಡಾಣುವಿನ ಏರುಪೇರೇ ಸಾಮಾನ್ಯ ಕಾರಣ. ಥೈರಾಯ್ಡ್ ಕಡಿಮೆಯಿದ್ದರೂ ಹೀಗಾಗಬಹುದು. 45 ದಾಟಿದವರಲ್ಲಿ ಒಳಪದರದ ಪರೀಕ್ಷೆಯನ್ನು ಮುಂದೂಡಬಾರದು.

ಹೆಪ್ಪುಗಟ್ಟುವ ದೋಷದ ಬಗ್ಗೆ ಸ್ವಲ್ಪ ನಿಲ್ಲೋಣ, ಯಾಕೆಂದರೆ ಇದು ಬಹಳ ಸಲ ತಪ್ಪಿಹೋಗುತ್ತದೆ. ಫಿನ್ಲೆಂಡಿನ ವೈದ್ಯ ಎರಿಕ್ ವಾನ್ ವಿಲ್ಲೆಬ್ರಾಂಡ್ 1926ರಲ್ಲಿ ಓಲಂಡ್ ದ್ವೀಪಗಳ ಒಂದು ಕುಟುಂಬದ ಬಗ್ಗೆ ಬರೆದರು. ಅವರು ನೋಡಿದ ಆ ಮನೆಯ ಪುಟ್ಟ ಹುಡುಗಿ ಮುಂದೆ 13ನೇ ವಯಸ್ಸಿನಲ್ಲಿ, ತನ್ನ ನಾಲ್ಕನೇ ಮುಟ್ಟಿನಲ್ಲಿ, ರಕ್ತ ನಿಲ್ಲದೆ ತೀರಿಕೊಂಡಳು. ಇಂದು ಆ ಕಾಯಿಲೆಗೆ ಅವರದೇ ಹೆಸರಿದೆ. ಮೊದಲ ಮುಟ್ಟಿನಿಂದಲೇ ಜಾಸ್ತಿ ಸ್ರಾವ, ಆಗಾಗ ಮೂಗಿನಿಂದ ರಕ್ತ, ಹಲ್ಲು ಕೀಳಿಸಿದಾಗ ನಿಲ್ಲದ ರಕ್ತ, ಸುಮ್ಸುಮ್ನೆ ಮೈಮೇಲೆ ನೀಲಿ ಕಲೆ, ತಾಯಿಗೂ ಹೀಗೇ ಇತ್ತು ಎಂಬ ಮಾತು: ಇವು ಸೇರಿ ಬಂದರೆ ರಕ್ತದ ಪರೀಕ್ಷೆ ಆಗಲೇಬೇಕು.

ಎರಡೂ ಒಟ್ಟಿಗೆ

ಸ್ರಾವ ತಡೆಯದೆ ಬರೀ ಕಬ್ಬಿಣದ ಮಾತ್ರೆ ಕೊಡುವುದು ತೂತು ಕೊಡಕ್ಕೆ ನೀರು ತುಂಬಿದಂತೆ. ಸ್ರಾವ ಮಾತ್ರ ತಡೆದು ಕಬ್ಬಿಣ ಮರೆತರೆ ಸುಸ್ತು ಹೋಗುವುದಿಲ್ಲ. ಎರಡೂ ಒಟ್ಟಿಗೆ ಶುರುವಾಗಬೇಕು.

ಸ್ರಾವ ತಡೆಯುವ ಔಷಧಗಳಲ್ಲಿ ಒಂದಾದ ಟ್ರಾನೆಕ್ಸಾಮಿಕ್ ಆಮ್ಲವನ್ನು ಜಪಾನಿನ ಉಟಾಕೊ ಒಕಾಮೊಟೊ ಮತ್ತು ಅವರ ಪತಿ ಶೋಸುಕೆ 1962ರಲ್ಲಿ ಲೋಕಕ್ಕೆ ತಿಳಿಸಿದರು. ಹೆರಿಗೆಯ ನಂತರದ ರಕ್ತಸ್ರಾವದಿಂದ ತಾಯಂದಿರನ್ನು ಉಳಿಸಬೇಕೆಂಬ ಆಸೆ ಅವರಿಗಿತ್ತು. ಇದು ಪ್ಲಾಸ್ಮಿನ್ ಹೆಪ್ಪನ್ನು ಕರಗಿಸದಂತೆ ತಡೆಯುತ್ತದೆ. ಸ್ರಾವ ಇರುವ ದಿನಗಳಲ್ಲಿ ಮಾತ್ರ ತೆಗೆದುಕೊಂಡರೆ ಸಾಕು, ಹಾರ್ಮೋನ್ ಅಲ್ಲ. ಸ್ರಾವ ಸುಮಾರು ಅರ್ಧದಷ್ಟು ಇಳಿಯಬಹುದು. ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ ಇತಿಹಾಸ ಇರುವವರಿಗೆ ಇದು ಬೇಡ. ಗರ್ಭನಿರೋಧಕ ಮಾತ್ರೆಯ ಜೊತೆಗೆ ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು.

ಮೆಫೆನಾಮಿಕ್ ಆಮ್ಲ, ಐಬುಪ್ರೊಫೆನ್‌ನಂಥವು ನೋವನ್ನೂ ಸ್ವಲ್ಪ ಸ್ರಾವವನ್ನೂ ಕಡಿಮೆ ಮಾಡುತ್ತವೆ. ಹೊಟ್ಟೆಯಲ್ಲಿ ಹುಣ್ಣು ಅಥವಾ ಹೆಪ್ಪುಗಟ್ಟುವ ದೋಷ ಇದ್ದರೆ ಬೇಡ. ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡುವ ಔಷಧ ವಿಧಾನ ಎಂದರೆ ಲೆವೊನಾರ್ಜೆಸ್ಟ್ರೆಲ್ ಹಾರ್ಮೋನ್ ಬಿಡುವ, ಗರ್ಭಕೋಶದೊಳಗೆ ಇಡುವ ಸಾಧನ. ಮೊದಲ ಕೆಲವು ತಿಂಗಳು ಹನಿಹನಿ ಕಲೆ ಕಾಣುತ್ತಲೇ ಇರುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ಬೇಸತ್ತು ತೆಗೆಸಿಬಿಡುತ್ತಾರೆ. ಹಾರ್ಮೋನ್ ಮಾತ್ರೆ, ಫೈಬ್ರಾಯ್ಡ್ ತೆಗೆಯುವುದು, ಒಳಪದರ ಸುಡುವುದು, ಗರ್ಭಕೋಶವನ್ನೇ ತೆಗೆಯುವುದು, ಇವೆಲ್ಲ ಕಾರಣ, ವಯಸ್ಸು, ಮುಂದೆ ಮಕ್ಕಳು ಬೇಕೋ ಎಂಬುದರ ಮೇಲೆ.

ಒಂದು ಪ್ಯಾಡ್ ಗಂಟೆಯೊಳಗೆ ಪೂರ್ತಿ ನೆನೆದು, ಎರಡು ಗಂಟೆ ಸತತ ಹಾಗೇ ಆದರೆ, ಕಣ್ಣು ಕತ್ತಲೆ ಬಂದರೆ, ಗರ್ಭಿಣಿಯಾಗಿರುವ ಸಾಧ್ಯತೆ ಇದ್ದರೆ ಕಾಯುವುದು ಬೇಡ, ಕೂಡಲೇ ಆಸ್ಪತ್ರೆಗೆ. ಮುಟ್ಟು ನಿಂತು ವರ್ಷ ಕಳೆದ ಮೇಲೆ ಸ್ವಲ್ಪವೇ ರಕ್ತ ಕಂಡರೂ ತೋರಿಸಬೇಕು.

ಇನ್ನು ಕಬ್ಬಿಣದ ಮಾತ್ರೆ. ಒಂದು ಮಾತ್ರೆ ನುಂಗಿದ ಮೇಲೆ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನ್ ಹೆಚ್ಚು ಮಾಡುತ್ತದೆ. ಸುಮಾರು ಒಂದು ದಿನ ಅದು ಕರುಳಿನ ಬಾಗಿಲು ಅರ್ಧ ಮುಚ್ಚುತ್ತದೆ. ಅದಕ್ಕೇ ದಿನಕ್ಕೆ ಮೂರು ಸಲ ನುಂಗಿಸುವ ಹಳೆಯ ಪದ್ಧತಿ ಕಡಿಮೆಯಾಗುತ್ತಿದೆ. ದಿನಕ್ಕೊಂದು ಅಥವಾ ದಿನ ಬಿಟ್ಟು ದಿನ ಸಾಕು ಎಂದು ಹಲವರು ಈಗ ಹೇಳುತ್ತಾರೆ. ಹೊಟ್ಟೆನೋವು, ಮಲಬದ್ಧತೆಯೂ ಕಡಿಮೆ. ಟೀ, ಕಾಫಿ, ಹಾಲು, ಕ್ಯಾಲ್ಸಿಯಂ, ಆಮ್ಲ ಕಡಿಮೆ ಮಾಡುವ ಮಾತ್ರೆಗಳ ಜೊತೆ ಬೇಡ. ಮಲ ಕಪ್ಪಾಗುತ್ತದೆ, ಹೆದರಬೇಕಿಲ್ಲ. ಆಹಾರದಲ್ಲಿ ಕಾಳು, ಸೊಪ್ಪು, ಮಾಂಸ ಇದ್ದರೆ ಒಳ್ಳೆಯದೇ, ಆದರೆ ಮೇಲಿನ ಲೆಕ್ಕ ನೋಡಿದರೆ ಖಾಲಿಯಾದ ಸಂಗ್ರಹವನ್ನು ಊಟವೊಂದೇ ತುಂಬಲಾರದು ಎಂದು ಗೊತ್ತಾಗುತ್ತದೆ. ಮಾತ್ರೆ ಒಗ್ಗದಿದ್ದರೆ, ಕೊರತೆ ತೀವ್ರವಾಗಿದ್ದರೆ ರಕ್ತನಾಳದ ಮೂಲಕ ಕಬ್ಬಿಣ ಕೊಡುತ್ತಾರೆ.

ನಾಲ್ಕು ವಾರದಲ್ಲಿ ಹಿಮೋಗ್ಲೋಬಿನ್ 1ರಿಂದ 2 ಗ್ರಾಂ ಏರಬೇಕು. ಏರದಿದ್ದರೆ ಮಾತ್ರೆ ನುಂಗುತ್ತಿದ್ದಾರೆಯೇ, ಸ್ರಾವ ಹಾಗೇ ಇದೆಯೇ, ಕರುಳು ಹೀರಿಕೊಳ್ಳುತ್ತಿದೆಯೇ ಎಂದು ನೋಡಬೇಕು. ಅಂಕಿ ಸರಿಯಾಯಿತೆಂದು ಅಲ್ಲೇ ನಿಲ್ಲಿಸುವವರು ಜಾಸ್ತಿ. ಸಂಗ್ರಹ ತುಂಬಲು ಆಮೇಲೂ ಸುಮಾರು ಮೂರು ತಿಂಗಳು ಮುಂದುವರಿಸಬೇಕು. ನಿಲ್ಲಿಸಿ ಕೆಲವು ತಿಂಗಳಾದ ಮೇಲೆ ಫೆರಿಟಿನ್ ಇನ್ನೊಮ್ಮೆ ಮಾಡಿಸಿ. ಮತ್ತೆ ಇಳಿದಿದ್ದರೆ ಸ್ರಾವ ಇನ್ನೂ ಹತೋಟಿಗೆ ಬಂದಿಲ್ಲ, ಅಥವಾ ಬೇರೆಲ್ಲಿಂದಲೋ ರಕ್ತ ಹೋಗುತ್ತಿದೆ. ಕಾರಣದ ಪಟ್ಟಿಯನ್ನು ಮೊದಲಿನಿಂದ ತೆರೆಯಬೇಕು.