ಹುಳು ಬರುವ ಮೊದಲೇ ಸೊರಗಿದ ಮರ

ಕಾಡಿನಲ್ಲಿ ದೊಡ್ಡ ಮರವೊಂದು ಒಣಗಿ ನಿಂತಿದೆ. ತೊಗಟೆ ಸುಲಿದರೆ ಒಳಗೆಲ್ಲ ಹುಳು ಕೊರೆದ ದಾರಿಗಳು. ಹುಳುವೇ ಮರವನ್ನು ಕೊಂದಿತು ಅಂತ ಯಾರಿಗಾದರೂ ಅನ್ನಿಸುತ್ತದೆ. ಅರಣ್ಯ ವಿಜ್ಞಾನಿಗಳು ಮಾತ್ರ ಅಷ್ಟು ಬೇಗ ಒಪ್ಪುವುದಿಲ್ಲ. ಹುಳು ಬರುವ ಮೊದಲು ಈ ಮರ ಹೇಗಿತ್ತು ಅಂತ ಅವರು ಕೇಳುತ್ತಾರೆ.

ಉತ್ತರ ಎಷ್ಟೋ ಸಲ ಮರದೊಳಗೇ ಇರುತ್ತದೆ. ಟೊಳ್ಳಾದ ಬೈರಿಗೆಯಿಂದ ಕಾಂಡ ಕೊರೆದು, ಪೆನ್ಸಿಲ್‌ಗಿಂತ ತೆಳ್ಳಗಿನ ಕಡ್ಡಿಯೊಂದನ್ನು ಹೊರಗೆ ಎಳೆಯುತ್ತಾರೆ. ಚಳಿಗಾಲದಲ್ಲಿ ಬೆಳವಣಿಗೆ ನಿಲ್ಲಿಸುವ ಓಕ್, ಪೈನ್‌ನಂಥ ಮರಗಳಲ್ಲಿ ವರ್ಷಕ್ಕೊಂದು ಉಂಗುರ ಮೂಡುತ್ತದೆ. ಕಡ್ಡಿಯ ಮೇಲೆ ಆ ಉಂಗುರಗಳು ಗೆರೆಗಳಾಗಿ ಕಾಣುತ್ತವೆ. ಮಳೆ ಚೆನ್ನಾಗಿ ಬಂದ ವರ್ಷ ಅಗಲ, ಬರ ಬಂದ ವರ್ಷ ಕಿರಿದು. ಸತ್ತ ಮರಗಳ ಉಂಗುರಗಳನ್ನು ಅಳೆದಾಗ, ಸಾಯುವುದಕ್ಕೆ ಎಷ್ಟೋ ವರ್ಷ ಮೊದಲೇ ಅವು ಕುಗ್ಗುತ್ತಾ ಬಂದಿರುವುದು ಹಲವು ಕಡೆ ಕಂಡಿದೆ. ಹೊರಗೆ ಎಲೆ ಹಸಿರಾಗಿಯೇ ಇತ್ತು. ಒಳಗೆ ಮರ ಸೊರಗುತ್ತಿತ್ತು.

ಅಮೆರಿಕದ ಅರಣ್ಯ ರೋಗ ತಜ್ಞ ಪಾಲ್ ಮ್ಯಾನಿಯನ್ 1981ರಲ್ಲಿ ಇದಕ್ಕೊಂದು ಚೌಕಟ್ಟು ಕೊಟ್ಟರು. ಮೊದಲು ಕಳಪೆ ಮಣ್ಣು, ಮುಪ್ಪು, ಒತ್ತೊತ್ತಾಗಿ ಬೆಳೆದ ಕಾಡು ಮರವನ್ನು ನಿಧಾನಕ್ಕೆ ದುರ್ಬಲ ಮಾಡುತ್ತವೆ. ಆಮೇಲೆ ಬರಗಾಲವೋ ಎಲೆ ತಿನ್ನುವ ಹುಳುಗಳ ದಾಳಿಯೋ ಜೋರಾದ ಪೆಟ್ಟು ಕೊಡುತ್ತದೆ. ಕಾಂಡ ಕೊರೆಯುವ ಹುಳು, ಬೇರು ಕೊಳೆಸುವ ಶಿಲೀಂಧ್ರ ಬರುವುದು ಕೊನೆಗೆ. ನಮ್ಮ ಕಣ್ಣಿಗೆ ಬೀಳುವುದು ಈ ಕೊನೆಯವು ಮಾತ್ರ.

ಭಾರತದ ಸಾಲ್ ಕಾಡುಗಳನ್ನೇ ನೋಡಿ. ಸಾಲ್ ಮರದ ಚೇಗನ್ನು, ಅಂದರೆ ಕಾಂಡದ ನಡುವಿನ ಗಟ್ಟಿ ಭಾಗವನ್ನು ಕೊರೆಯುವ, ಉದ್ದ ಮೀಸೆಯ ದುಂಬಿಯೊಂದಿದೆ. ಡೆಹ್ರಾಡೂನ್‌ನ ಅರಣ್ಯ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಇದರ ಬೆನ್ನು ಹತ್ತಿ ಬಹಳ ಕಾಲವಾಯಿತು. ಮುಂಗಾರು ಶುರುವಾದಾಗ ದುಂಬಿಗಳು ಮರದಿಂದ ಹೊರಬರುತ್ತವೆ. ಹೆಣ್ಣು ತೊಗಟೆಯ ಬಿರುಕುಗಳಲ್ಲಿ ಮೊಟ್ಟೆ ಇಡುತ್ತದೆ. ಮರಿಹುಳು ಮೊದಲು ತೊಗಟೆಯ ಕೆಳಗೆ ತಿನ್ನುತ್ತದೆ, ಆಮೇಲೆ ಚೇಗಿಗೆ ಇಳಿಯುತ್ತದೆ. ಮರದ ಬುಡದಲ್ಲಿ ಹೊಟ್ಟು ಗುಡ್ಡೆ ಬೀಳುತ್ತದೆ. ಮರ ಗಟ್ಟಿಯಾಗಿದ್ದರೆ ರಾಳ ಸುರಿಸಿ ಮರಿಹುಳುವನ್ನು ಅದರಲ್ಲೇ ಮುಳುಗಿಸಿ ಸಾಯಿಸುತ್ತದೆ. ಹಾಗಾಗಿ ಸಾಮಾನ್ಯ ವರ್ಷಗಳಲ್ಲಿ ಹುಳು ಕಾಣುವುದು ಉರುಳಿಬಿದ್ದ ಮರ, ಮುಪ್ಪಾದ ಮರಗಳಲ್ಲೇ ಜಾಸ್ತಿ. ಆದರೆ ಅದರ ಸಂಖ್ಯೆ ಮಿತಿ ಮೀರಿತೆಂದರೆ ಗಟ್ಟಿ ಮರದ ರಾಳವೂ ಸಾಕಾಗುವುದಿಲ್ಲ. 1990ರ ದಶಕದ ಕೊನೆಯಲ್ಲಿ ಮಧ್ಯಪ್ರದೇಶದ ಮಂಡ್ಲಾ ಮತ್ತು ಸುತ್ತಲಿನ ಕಾಡುಗಳಲ್ಲಿ ಹೀಗೇ ಆಯಿತು. ಲಕ್ಷಗಟ್ಟಲೆ ಮರಗಳು ಹುಳುವಿಗೆ ತುತ್ತಾದವು.

ಈ ದುಂಬಿಗೊಂದು ದೌರ್ಬಲ್ಯವಿದೆ. ಹೊಸದಾಗಿ ಕಡಿದ ಸಾಲ್ ಮರದ ರಸವೆಂದರೆ ಅದಕ್ಕೆ ಪ್ರಾಣ. ಮಳೆಗಾಲದಲ್ಲಿ ಕೆಲವು ಮರ ಕಡಿದು, ತುಂಡು ಮಾಡಿ, ತೊಗಟೆಯನ್ನು ಜಜ್ಜಿ ಇಡುತ್ತಾರೆ. ದುಂಬಿಗಳು ದೂರದಿಂದ ಹಾರಿ ಬರುತ್ತವೆ, ರಸ ಹೀರಿ ಮಂಕಾಗುತ್ತವೆ. ಆಗ ಕೈಯಿಂದಲೇ ಆರಿಸಬಹುದು. ವಿಷ ಸಿಂಪಡಿಸದೆ ಹುಳುವಿನ ಸ್ವಭಾವವನ್ನೇ ಬಳಸಿಕೊಳ್ಳುವ ಈ ಉಪಾಯ ನನಗೆ ತುಂಬಾ ಇಷ್ಟ. ಕೆಲಸ ಮಾತ್ರ ಸುಮ್ನೆ ಅಲ್ಲ. ರಸ ಆರಿದಂತೆಲ್ಲ ತುಂಡುಗಳನ್ನು ಮತ್ತೆ ಕಡಿದು ಜಜ್ಜಬೇಕು.

ಹಾಗಾದರೆ ಹುಳು ಯಾವಾಗಲೂ ಕೊನೆಗೇ ಬರುತ್ತದೆಯೇ? ಇಲ್ಲ. ಪೂರ್ವ ಏಷ್ಯಾದಿಂದ ಬಂದ ಪಚ್ಚೆ ಬಣ್ಣದ ಒಂದು ಸಣ್ಣ ದುಂಬಿ 2002ರಲ್ಲಿ ಅಮೆರಿಕದ ಡೆಟ್ರಾಯಿಟ್ ಹತ್ತಿರ ಪತ್ತೆಯಾಯಿತು. ಸರಕು ತುಂಬುವ ಮರದ ಪೆಟ್ಟಿಗೆಗಳ ಜೊತೆ ಅದು ಬಂದಿರಬೇಕು. ತನ್ನ ತವರಿನಲ್ಲಿ ಅದು ಸೊರಗಿದ ಆಶ್ ಮರಗಳಿಗೆ ಮಾತ್ರ ದೊಡ್ಡ ಕಾಟ. ಅಮೆರಿಕದ ಆಶ್ ಮರಗಳಿಗೆ ಅದರ ಪರಿಚಯವೇ ಇರಲಿಲ್ಲ. ಆರೋಗ್ಯವಾಗಿದ್ದ ಮರಗಳೂ ಕೆಲವೇ ವರ್ಷಗಳಲ್ಲಿ ಸತ್ತವು. ಹೀಗೆ ಕೋಟಿಗಟ್ಟಲೆ ಮರಗಳು ಹೋದವು. ಇಲ್ಲಿ ಮಣ್ಣನ್ನೋ ಬರವನ್ನೋ ದೂರುವಂತಿಲ್ಲ. ಮದ್ದೂ ಬೇರೆಯೇ ಬೇಕು, ಅಲ್ವಾ? ಆ ದುಂಬಿಯ ಮರಿ, ಮೊಟ್ಟೆಗಳ ಮೇಲೆ ಬದುಕುವ ಪುಟ್ಟ ಕಣಜಗಳನ್ನು ಏಷ್ಯಾದಿಂದಲೇ ತಂದು 2007ರಿಂದ ಬಿಡುತ್ತಿದ್ದಾರೆ.

ಸತ್ತ ಆಶ್ ಮರಗಳ ನಡುವೆ ಅಲ್ಲೊಂದು ಇಲ್ಲೊಂದು ಉಳಿದುಕೊಂಡಿವೆ. ಸಂಶೋಧಕರು ಅವುಗಳ ಕೊಂಬೆ ತಂದು ಕಸಿ ಕಟ್ಟುತ್ತಾರೆ. ಗಿಡ ಬೆಳೆದ ಮೇಲೆ ತೊಗಟೆಯ ಮೇಲೆ ದುಂಬಿಯ ಮೊಟ್ಟೆ ಇಟ್ಟು, ಕೆಲವು ವಾರ ಬಿಟ್ಟು ಸುಲಿದು ನೋಡುತ್ತಾರೆ. ಕೆಲವು ಗಿಡಗಳಲ್ಲಿ ಮರಿಹುಳುಗಳು ಬೆಳೆಯದೆ ಸತ್ತಿರುತ್ತವೆ. ಅಂಥವನ್ನೇ ಆರಿಸಿ, ಒಂದಕ್ಕೊಂದು ತಳಿ ಕೂಡಿಸುವ ಕೆಲಸ ಈಗ ನಡೆದಿದೆ.