ಸಿಇಟಿ ಮ್ಯಾಥ್ಸ್ ಸುಲಭ ಅಂತ ನಂಬಿ ಪರೀಕ್ಷೆ ಆರಿಸ್ಬೇಡಿ

ರಾಜ್ಯದ ಇಂಜಿನಿಯರಿಂಗ್ ಸೀಟಿಗೆ ಬರೆಯೋ ಸಿಇಟಿಯ ಮ್ಯಾಥ್ಸ್ ಪೇಪರ್ ಸುಲಭ, ಎನ್‌ಐಟಿ ಐಐಟಿಗಳಿಗೆ ಬರೆಯೋ ಜೆಇಇದು ಕಷ್ಟ, ಇದು ಎಲ್ಲರಿಗೂ ಗೊತ್ತಿರೋ ವಿಷ್ಯ, ಸುಳ್ಳೂ ಅಲ್ಲ. ಆದ್ರೆ ಪೇಪರ್ ಸುಲಭ ಇರೋದು ಬೇರೆ, ಅದ್ರಲ್ಲಿ ಒಳ್ಳೆ ರ‍್ಯಾಂಕ್ ತೆಗೆಯೋದು ಬೇರೆ. ಪಿಯು ಮಕ್ಕಳಿಗೆ ಮ್ಯಾಥ್ಸ್ ಹೇಳ್ಕೊಡೋಳಾಗಿ ಪ್ರತಿ ವರ್ಷ ಅಡ್ಮಿಷನ್ ಟೈಮಲ್ಲಿ ನಾನು ಅಪ್ಪ ಅಮ್ಮಂದಿರಿಗೆ ಹೇಳೋದು ಇದನ್ನೇ. "ಮೇಡಂ, ಇವನು ಮ್ಯಾಥ್ಸಲ್ಲಿ ಅಷ್ಟಕ್ಕಷ್ಟೇ, ಸಿಇಟಿ ಬ್ಯಾಚಿಗೇ ಹಾಕ್ಬಿಡ್ತೀವಿ" ಅಂತಾರೆ, ಅಷ್ಟಕ್ಕಷ್ಟೇ ಅಂದ್ರೆ ಯಾವ ಥರ ಅಷ್ಟಕ್ಕಷ್ಟೇ ಅನ್ನೋದನ್ನ ಮಾತ್ರ ಯಾರೂ ನೋಡಿರೋದಿಲ್ಲ.

ಮೊದ್ಲು ಸಮಯದ ಲೆಕ್ಕ ನೋಡಿ. ಸಿಇಟಿಲಿ ಮ್ಯಾಥ್ಸಿಗೆ 60 ಪ್ರಶ್ನೆ, 80 ನಿಮಿಷ, ಅಂದ್ರೆ ಒಂದಕ್ಕೆ 80 ಸೆಕೆಂಡು, ಪ್ರಶ್ನೆ ಓದೋದು, ಲೆಕ್ಕ ಮಾಡೋದು, ಓಎಂಆರ್ ಶೀಟಲ್ಲಿ ಗೋಲ ತುಂಬೋದು ಎಲ್ಲಾ ಅಷ್ಟರೊಳಗೇ ಆಗ್ಬೇಕು. ಜೆಇಇಯ ಮೊದಲ ಹಂತವಾದ ಮೇನಲ್ಲಿ ಮೂರು ಸಬ್ಜೆಕ್ಟ್ ಸೇರಿ 75 ಪ್ರಶ್ನೆಗೆ 180 ನಿಮಿಷ, ಸರಾಸರಿ 2 ನಿಮಿಷ 24 ಸೆಕೆಂಡ್ ಸಿಗುತ್ತೆ, ಜೊತೆಗೆ ಫಿಸಿಕ್ಸ್ ಕೆಮಿಸ್ಟ್ರಿ ಬೇಗ ಮುಗಿಸಿ ಉಳಿದ ಟೈಮನ್ನ ಮ್ಯಾಥ್ಸಿಗೆ ಹಾಕೋಕೂ ಆಗುತ್ತೆ. ಸಿಇಟಿಲಿ ಒಂದೊಂದು ಸಬ್ಜೆಕ್ಟಿಗೂ ಬೇರೆ ಬೇರೆ ಪೇಪರ್ ಆಗಿರೋದ್ರಿಂದ ಆ ದಾರಿ ಇಲ್ಲ.

ಈಗ ಒಂದೇ ಪಾಠದಿಂದ ಎರಡೂ ಕಡೆ ಎಂಥ ಪ್ರಶ್ನೆ ಬರುತ್ತೆ ಅಂತ ಹೇಳ್ತೀನಿ, ಪದಗಳು ಗೊತ್ತಿಲ್ದಿದ್ರೂ ಪರವಾಗಿಲ್ಲ, ಹೆಜ್ಜೆ ಎಷ್ಟು ಅಂತ ಮಾತ್ರ ನೋಡಿ. A ಅನ್ನೋ 3×3 ಮ್ಯಾಟ್ರಿಕ್ಸಿನ ಡಿಟರ್ಮಿನೆಂಟ್ 5, ಹಾಗಾದ್ರೆ ಅಡ್ಜಾಯಿಂಟಿನ ಡಿಟರ್ಮಿನೆಂಟ್ ಎಷ್ಟು? ಇದು ಸಿಇಟಿ ಥರದ್ದು, ಸೂತ್ರ ನೆನಪಿದ್ರೆ 5ರ ವರ್ಗ, 25, ಹತ್ತು ಸೆಕೆಂಡಿನ ಕೆಲ್ಸ. ಅದೇ A ಕೊಟ್ಟು, 2A ತಗೊಂಡು ಅದರ ಅಡ್ಜಾಯಿಂಟಿಗೆ ಇನ್ನೊಂದು ಸಲ ಅಡ್ಜಾಯಿಂಟ್ ಮಾಡಿ, ಅದರ ಡಿಟರ್ಮಿನೆಂಟ್ 2ರ ಘಾತ m ಇಂಟು 5ರ ಘಾತ n ಆಗಿದ್ರೆ m+n ಎಷ್ಟು ಅಂತ ಕೇಳಿದ್ರೆ ಅದು ಮೇನ್ ಥರದ್ದು. 2 ಒಳಗಿಂದ ಹೊರಗೆ ಬರುವಾಗ 2ರ ಘನ, ಅಂದ್ರೆ 8 ಆಗುತ್ತೆ, 8 ಇಂಟು 5 ಅಂದ್ರೆ 40, ಎರಡು ಸಲ ಅಡ್ಜಾಯಿಂಟ್ ಅಂದ್ರೆ ಎರಡು ಸಲ ವರ್ಗ, 40ರ ಘಾತ 4, ಅದನ್ನ ಬಿಡಿಸಿದ್ರೆ 2ರ ಘಾತ 12, 5ರ ಘಾತ 4, ಉತ್ತರ 16. ಪಾಠ ಅದೇ, ಸೂತ್ರನೂ ಅದೇ, ಆದ್ರೆ ಮಧ್ಯ ಎಲ್ಲೂ ಎಡವದೆ ನಾಲ್ಕು ಹೆಜ್ಜೆ ನಡೀಬೇಕು. ಮೇನ್ ದಾಟಿದವ್ರು ಐಐಟಿಗೆ ಬರೆಯೋ ಅಡ್ವಾನ್ಸ್ಡಲ್ಲಾದ್ರೆ ಆ 5 ಅನ್ನೋದನ್ನೇ ಕೊಡದೆ, ಯಾವ್ದೋ ಸಮೀಕರಣ ಕೊಟ್ಟು ಅದನ್ನ ನೀವೇ ಹುಡ್ಕೊಳ್ಳಿ ಅನ್ನಬಹುದು.

ಜನ ಗಮನಿಸದೇ ಇರೋದು ಇದ್ರ ಇನ್ನೊಂದು ಮಗ್ಗುಲು. ಕಷ್ಟದ ಪೇಪರ್ ಬಿಟ್ಟ ಪ್ರಶ್ನೆಗಳನ್ನ ಕ್ಷಮಿಸುತ್ತೆ. 2024ರ ಜೆಇಇ ಅಡ್ವಾನ್ಸ್ಡಲ್ಲಿ ಜನರಲ್ ರ‍್ಯಾಂಕ್ ಲಿಸ್ಟಿಗೆ ಸೇರೋಕೆ 360ಕ್ಕೆ 109 ಸಾಕಾಗಿತ್ತು, 2022ರಲ್ಲಂತೂ 55. ಲಿಸ್ಟಿನ ಆ ತುದಿಲಿರೋರಿಗೆ ಸೀಟು ಸಿಗೋದು ಕಷ್ಟ, ಅದು ನಿಜ, ಆದ್ರೂ ಅಲ್ಲಿ ತನಗೆ ಬರೋ ಲೆಕ್ಕ ಆರಿಸ್ಕೊಂಡು ಗಟ್ಟಿಯಾಗಿ ಮಾಡಿ, ಬರದೇ ಇರೋದನ್ನ ಧೈರ್ಯವಾಗಿ ಬಿಟ್ಟು ಎದ್ದು ಬರೋ ಮಗುಗೂ ಜಾಗ ಇದೆ. ಸುಲಭದ ಪೇಪರಲ್ಲಿ ಆ ಜಾಗ ಇಲ್ಲ. ನಿಮಗೆ ಸುಲಭ ಅನ್ಸಿದ್ದು ಪಕ್ಕದವ್ರಿಗೂ ಸುಲಭನೇ, ಒಂದೇ ಅಂಕದ ಸುತ್ತ ರಾಶಿ ಮಕ್ಕಳು ನಿಂತಿರ್ತಾರೆ, ಮೈನಸ್ ಚಿಹ್ನೆ ಒಂದು ಮರೆತ್ರೆ ಅವರೆಲ್ಲ ನಿಮ್ಮನ್ನ ದಾಟ್ಕೊಂಡು ಹೋಗ್ತಾರೆ. ಹಾಗಾಗಿ ಆಳವಾಗಿ ಯೋಚಿಸೋ, ನಿಧಾನದ ಮಗುನ "ಸುಲಭದ್ದು ಬರೀಲಿ ಬಿಡಿ" ಅಂತ ಸಿಇಟಿಗೆ ಮಾತ್ರ ಕೂರಿಸೋದು ನನ್ನ ಪ್ರಕಾರ ಆ ಮಗುಗೆ ಮಾಡೋ ಅನ್ಯಾಯ. ಅದೇ ಥರ ಚುರುಕಾಗಿ ಸೂತ್ರ ಹಾಕಿ ಮುಗಿಸೋ, ಆದ್ರೆ ಎರಡನೇ ಹೆಜ್ಜೆಗೆ ಬೇಜಾರಾಗೋ ಮಗುನ ಎರಡು ವರ್ಷ ಅಡ್ವಾನ್ಸ್ಡ್ ಬ್ಯಾಚಲ್ಲಿ ಕೂರಿಸಿದ್ರೆ ಅದು ಮ್ಯಾಥ್ಸ್ ಅಂದ್ರೇನೇ ಹೆದರೋ ಹಾಗಾಗುತ್ತೆ, ಇದನ್ನ ಕಣ್ಣಾರೆ ನೋಡಿದೀನಿ.

ಜೆಇಇಗೆ ಓದಿದ್ರೆ ಸಿಇಟಿ ತಾನಾಗೇ ಬರುತ್ತೆ ಅನ್ನೋ ಮಾತಿದ್ಯಲ್ಲ, ಅದು ಅರ್ಧ ಸತ್ಯ. ಸಿಇಟಿ ಇಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿ ಅಂಕ ಅರ್ಧ, ಸೆಕೆಂಡ್ ಪಿಯುಸಿ ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್) ಅಂಕ ಇನ್ನರ್ಧ. 180ಕ್ಕೆ ಸಿಇಟಿ, 300ಕ್ಕೆ ಪಿಸಿಎಂ ಅಂತ ಇಟ್ಕೊಂಡ್ರೆ ಸಿಇಟಿಯ 3 ಅಂಕ ಬೋರ್ಡಿನ 5 ಅಂಕಕ್ಕೆ ಸಮ. ಬೋರ್ಡಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದವ್ರಿಗೆ ಅಂಕ, ಮನಸ್ಸಲ್ಲೇ ಮಾಡಿ ಉತ್ತರ ಒಂದನ್ನೇ ಬರೆಯೋ ಜೆಇಇ ಅಭ್ಯಾಸದವ್ರು ಅಲ್ಲೇ ಕಳ್ಕೊಳ್ಳೋದು. ಜೆಇಇಲಿ ಬೋರ್ಡ್ ಅಂಕ ರ‍್ಯಾಂಕಿಗೆ ಸೇರೋದಿಲ್ಲ, ಎನ್‌ಐಟಿ ಐಐಟಿ ಸೀಟಿಗೆ ಜನರಲ್‌ನವ್ರಿಗೆ ಶೇ. 75 ಇಲ್ಲಾ ಬೋರ್ಡಿನ ಟಾಪ್ 20 ಪರ್ಸೆಂಟೈಲ್ ಅನ್ನೋ ಅರ್ಹತೆ ಮಾತ್ರ.

ನೆಗೆಟಿವ್ ಮಾರ್ಕಿಂಗ್ ಭಯನೂ ಸ್ವಲ್ಪ ಜಾಸ್ತಿನೇ ಆಗಿದೆ. ಮೇನಲ್ಲಿ ಸರಿಗೆ 4, ತಪ್ಪಿಗೆ ಮೈನಸ್ 1. ನಾಲ್ಕು ಆಪ್ಷನಲ್ಲಿ ಎರಡು ಖಂಡಿತ ಅಲ್ಲ ಅಂತ ಗೊತ್ತಾದ್ರೆ ಉಳಿದ ಎರಡರಲ್ಲಿ ಒಂದನ್ನ ಗುರುತು ಹಾಕೋದು ಸರಾಸರಿ ಒಂದೂವರೆ ಅಂಕದ ಲಾಭ, ಬಿಡೋದೇ ನಷ್ಟ. ಆಪ್ಷನ್ ಇಲ್ಲದೆ ಸಂಖ್ಯೆ ತುಂಬ್ಬೇಕಾದ ಪ್ರಶ್ನೆಲಿ ಮಾತ್ರ ಊಹೆ ಬೇಡ. ಸಿಇಟಿಲಿ ನೆಗೆಟಿವ್ ಇಲ್ವೇ ಇಲ್ಲ, ಒಂದು ಗೋಲನೂ ಖಾಲಿ ಬಿಡ್ಬಾರ್ದು.

ಆರಿಸೋದು ಹೇಗೆ ಅಂದ್ರೆ, ನಾನು ಫಸ್ಟ್ ಪಿಯುಸಿ ಮಧ್ಯದಲ್ಲಿ, ಮಗು ಚೆನ್ನಾಗಿ ಓದಿರೋ ಒಂದು ಪಾಠ ತಗೊಂಡು, ಅದರಲ್ಲೇ ಸಿಇಟಿ ಮಟ್ಟದ 20 ಪ್ರಶ್ನೆ 27 ನಿಮಿಷಕ್ಕೆ, ಇನ್ನೊಂದು ದಿನ ಮೇನ್ ಮಟ್ಟದ 10 ಪ್ರಶ್ನೆ 24 ನಿಮಿಷಕ್ಕೆ, ಆಮೇಲೆ ಅಡ್ವಾನ್ಸ್ಡ್ ಮಟ್ಟದ ನಾಲ್ಕು ಪ್ರಶ್ನೆ ಟೈಮೇ ಇಲ್ದೆ ಕೊಡ್ತೀನಿ. ಅಂಕಕ್ಕಿಂತ ರಫ್ ಶೀಟ್ ನೋಡ್ತೀನಿ. ಶುರು ಮಾಡೋಕೇ ಗೊತ್ತಾಗಿಲ್ವಾ, ದಾರಿ ಸರಿ ಇದ್ದು ಕೂಡೋದ್ರಲ್ಲಿ ಎಡವಿದ್ಯಾ, ಇಲ್ಲಾ ಟೈಮ್ ಸಾಲ್ದೆ ಬಿಟ್ಟಿದ್ಯಾ, ಮೂರಕ್ಕೂ ಔಷಧಿ ಬೇರೆ ಬೇರೆ. ಟೈಮ್ ಇಲ್ದೇ ಇರೋ ನಾಲ್ಕು ಪ್ರಶ್ನೆಲಿ ಎರಡರ ಮೇಲೆ ಒಂದು ಗಂಟೆ ಕೂತು, ಬರದಿದ್ರೂ ಮಾರನೇ ದಿನ ಬಂದು "ಮೇಡಂ, ಅದು ಹೆಂಗೆ?" ಅಂತ ಕೇಳಿದ್ರೆ, ಆ ಮಗುನ ಕಷ್ಟದ ಪರೀಕ್ಷೆಗೆ ಕಳಿಸೋಕೆ ನನಗೆ ಹಿಂಜರಿಕೆನೇ ಇಲ್ಲ.

ಇಂಥದ್ದೇ ಆಯ್ಕೆ ಇನ್ನೂ ಮುಂಚೆ ಬರೋದೂ ಉಂಟು, ಸಿಬಿಎಸ್‌ಇ ಹತ್ತನೇ ಕ್ಲಾಸಲ್ಲೂ 2020ರಿಂದ ಕಷ್ಟದ್ದು ಸ್ಟ್ಯಾಂಡರ್ಡ್, ಸುಲಭದ್ದು ಬೇಸಿಕ್ ಅಂತ ಎರಡು ಮಟ್ಟದ ಮ್ಯಾಥ್ಸ್ ಪೇಪರ್ ಇದೆ, ಸಿಲೆಬಸ್ ಒಂದೇ. ಮುಂದೆ ಪಿಸಿಎಂ ತಗೊಳ್ಳೋ ಯೋಚನೆ ಒಂಚೂರಿದ್ರೂ ಸ್ಟ್ಯಾಂಡರ್ಡೇ ಬರೀಲಿ.

ಇನ್ನು, ಎರಡನ್ನೂ ಬರೀತಿರೋರೇ ಜಾಸ್ತಿ, ಅವ್ರಿಗೊಂದು ಮಾತು. ಮೇನ್ ಎರಡನೇ ಸೆಷನ್ ಏಪ್ರಿಲ್ ಮೊದಲ ಭಾಗದಲ್ಲಿ ಬಂದ್ರೆ ಸಿಇಟಿ ಸಾಮಾನ್ಯವಾಗಿ ಅದರ ಬೆನ್ನಿಗೇ ಬರುತ್ತೆ, ಮಧ್ಯ ಸಿಗೋ ಕೆಲವೇ ದಿನದಲ್ಲಿ ಹೊಸ ಪಾಠ ಏನೂ ಮುಟ್ಬೇಡಿ, ಹಳೇ ಸಿಇಟಿ ಪೇಪರ್ ತಗೊಂಡು ದಿನಕ್ಕೊಂದು, ಗಡಿಯಾರ ಇಟ್ಕೊಂಡು, ಪೆನ್ನಲ್ಲಿ ನಿಜವಾದ ಓಎಂಆರ್ ಶೀಟ್ ತುಂಬ್ತಾ 80 ನಿಮಿಷಕ್ಕೆ ಮುಗಿಸಿ, ಕಂಪ್ಯೂಟರಲ್ಲಿ ಕ್ಲಿಕ್ ಮಾಡಿ ರೂಢಿಯಾದ ಕೈಗೆ ಗೋಲ ತುಂಬೋ ವೇಗ ಬರೋಕೆ ಎರಡು ಮೂರು ಪೇಪರ್ ಆದ್ರೂ ಬೇಕು.