ಶಕ್ತಿ ಲಭ್ಯತೆ: ಓಟದ ಖರ್ಚು ಕಳೆದು ಮೈಗೆ ಉಳಿಯುವುದೆಷ್ಟು?

ದಿನವೊಂದಕ್ಕೆ ತಿಂದ ಕ್ಯಾಲೊರಿಯಲ್ಲಿ ವ್ಯಾಯಾಮಕ್ಕೆ ಖರ್ಚಾದದ್ದನ್ನು ಕಳೆಯಿರಿ. ಉಳಿದದ್ದನ್ನು ಕೊಬ್ಬು ಬಿಟ್ಟು ಮಿಕ್ಕ ದೇಹತೂಕದಿಂದ ಭಾಗಿಸಿ. ಸಿಗುವ ಸಂಖ್ಯೆಗೆ ಕ್ರೀಡಾವೈದ್ಯರು ಶಕ್ತಿ ಲಭ್ಯತೆ ಎನ್ನುತ್ತಾರೆ. ಹೃದಯ ಬಡಿಯುವುದು, ಮೈ ಬೆಚ್ಚಗಿರುವುದು, ಮೂಳೆ ಬೆಳೆಯುವುದು, ತಿಂಗಳು ತಿಂಗಳು ಮುಟ್ಟಾಗುವುದು ಎಲ್ಲವೂ ಈ ಉಳಿದ ಪಾಲಿನಲ್ಲೇ ನಡೆಯಬೇಕು. ಕೆಜಿಗೆ 45 ಕ್ಯಾಲೊರಿ ಇದ್ದರೆ ಸಾಕು, 30ಕ್ಕಿಂತ ಇಳಿದರೆ ಅಪಾಯ ಎಂಬುದು ವಾಡಿಕೆಯ ಅಳತೆ. 30 ಎಂಬ ಗೆರೆ ಎಲ್ಲರಿಗೂ ಒಂದೇ ಅಲ್ಲ. ಬೆಳೆಯುವ ವಯಸ್ಸಿನವರು ಅದರ ಹತ್ತಿರ ಸುಳಿಯದಿರುವುದೇ ಒಳ್ಳೆಯದು.

45 ಕೆಜಿ ತೂಗುವ, ಶೇ 20 ಕೊಬ್ಬಿರುವ ಹುಡುಗಿಯ ಲೆಕ್ಕ ನೋಡೋಣ. ಕೊಬ್ಬು ಬಿಟ್ಟ ತೂಕ 36 ಕೆಜಿ. ಓಟಕ್ಕೆ ಕೆಜಿಗೆ, ಕಿಲೋಮೀಟರಿಗೆ ಸುಮಾರು 1 ಕ್ಯಾಲೊರಿ ಬೇಕು. ಹಾಗಾಗಿ 10 ಕಿ.ಮೀ.ಗೆ 450. ಅವಳು ದಿನಕ್ಕೆ 1500 ತಿಂದರೆ ಉಳಿಯುವುದು 1050, ಅಂದರೆ ಕೆಜಿಗೆ 29. 45ಕ್ಕೆ ಏರಲು 2070 ಬೇಕು. ಕೊರತೆ 570, ಅರ್ಧ ಲೀಟರ್ ಹಾಲು ಮತ್ತು 50 ಗ್ರಾಂ ಕಡಲೆಬೀಜ ಹೆಚ್ಚುಕಮ್ಮಿ ಅದನ್ನು ತುಂಬಿಸುತ್ತವೆ. ಊಟ ಬಿಟ್ಟವರಿಗಷ್ಟೇ ಈ ಕೊರತೆ ಎಂದುಕೊಳ್ಳಬೇಡಿ. ಮುದ್ದೆ, ಸೊಪ್ಪಿನ ಸಾರು, ತರಕಾರಿ ಬೇಗ ಹೊಟ್ಟೆ ತುಂಬಿಸುತ್ತವೆ, ಕ್ಯಾಲೊರಿ ಅಷ್ಟು ಬೇಗ ತುಂಬುವುದಿಲ್ಲ. ಬೆಳಗಿನ ಪ್ರಾಕ್ಟೀಸ್ ಮುಗಿಸಿ ತಿಂಡಿ ತಿನ್ನದೆ ಶಾಲೆಗೆ ಓಡುವವರಿಗೂ ಇದೇ ಗತಿ.

ಉಳಿಕೆ ಕಡಿಮೆಯಾದಾಗ ಮೆದುಳಿನ ಹೈಪೋಥಲಾಮಸ್ ಸಂತಾನದ ಕೆಲಸವನ್ನು ಮುಂದೂಡುತ್ತದೆ. ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಬರುವ, ಅಂಡ ಬಿಡುಗಡೆಗೆ ಸೂಚನೆ ಕೊಡುವ ಎಲ್‌ಎಚ್ ಹಾರ್ಮೋನಿನ ಮಿಡಿತ ನಿಧಾನವಾಗುತ್ತದೆ, ಅಂಡ ಬಿಡುಗಡೆ ನಿಲ್ಲುತ್ತದೆ, ಈಸ್ಟ್ರೋಜೆನ್ ಇಳಿಯುತ್ತದೆ. ಹಳೆಯ ಮೂಳೆಯನ್ನು ಕರಗಿಸುವ ಕೋಶಗಳನ್ನು ಹದ್ದುಬಸ್ತಿನಲ್ಲಿ ಇಡುವುದು ಈಸ್ಟ್ರೋಜೆನ್ನೇ. ಇತ್ತ ಹೊಸ ಮೂಳೆ ಕಟ್ಟಲು ನೆರವಾಗುವ ಐಜಿಎಫ್-1 ಎಂಬ ಹಾರ್ಮೋನು ಕೂಡ ತಗ್ಗುತ್ತದೆ. ಕರಗುವುದು ಹೆಚ್ಚಿ ಕಟ್ಟುವುದು ಕುಗ್ಗಿದ ಮೇಲೆ ಬರೀ ಕ್ಯಾಲ್ಸಿಯಂ ಮಾತ್ರೆ ಏನು ಮಾಡೀತು? ಅದೂ ಹುಡುಗಿಯರ ಮೂಳೆ 18ರ ಹೊತ್ತಿಗೆ ಶೇ 90ರಷ್ಟು ಕಟ್ಟಿ ಮುಗಿದಿರುತ್ತದೆ.

ಊಟದ ಕೊರತೆ, ಮುಟ್ಟಿನ ಏರುಪೇರು, ದುರ್ಬಲ ಮೂಳೆ ಈ ಮೂರನ್ನು ಒಟ್ಟಿಗೆ ‘ಫೀಮೇಲ್ ಅಥ್ಲೀಟ್ ಟ್ರಯಾಡ್’ ಎಂದು ಕರೆದದ್ದು 1992ರಲ್ಲಿ. ಹುಡುಗರಿಗೂ ಇದು ತಗಲುತ್ತದೆ, ಹೃದಯ, ರೋಗನಿರೋಧಕ ಶಕ್ತಿಗೂ ಪೆಟ್ಟು ಬೀಳುತ್ತದೆ ಎಂದು 2014ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ‘ರೆಡ್-ಎಸ್’ (ಕ್ರೀಡೆಯಲ್ಲಿ ಸಾಪೇಕ್ಷ ಶಕ್ತಿ ಕೊರತೆ) ಎಂಬ ಅಗಲವಾದ ಹೆಸರು ಕೊಟ್ಟಿತು. 2013ರಲ್ಲಿ 17ನೇ ವಯಸ್ಸಿಗೇ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಓಡಿದ ಅಮೆರಿಕದ ಮೇರಿ ಕೇನ್, ಮುಂದೆ ಮೂರು ವರ್ಷ ಮುಟ್ಟೇ ಆಗದೆ ಐದು ಮೂಳೆ ಮುರಿದುಕೊಂಡದ್ದನ್ನು 2019ರಲ್ಲಿ ಹೇಳಿಕೊಂಡಾಗ ವಿಷಯ ಮನೆಮಾತಾಯಿತು.

‘ಓಡುವ ಹುಡುಗಿಯರಿಗೆ ಹಾಗೆಲ್ಲ ಆಗೋದೇ’ ಎನ್ನುವ ಕೋಚ್‌ಗಳು ಇನ್ನೂ ಇದ್ದಾರೆ. ಆ ಮಾತು ತಪ್ಪು. 15 ತುಂಬಿದರೂ ಮೈನೆರೆಯದಿದ್ದರೆ, ಮೂರು ತಿಂಗಳು ಮುಟ್ಟು ನಿಂತರೆ, ಎರಡು ಮುಟ್ಟಿನ ನಡುವೆ 45 ದಿನ ದಾಟುತ್ತಿದ್ದರೆ ವೈದ್ಯರಿಗೆ ತೋರಿಸಬೇಕು. ಪಿಸಿಒಎಸ್ (ಮುಟ್ಟು ತಪ್ಪಿಸುವ ಹಾರ್ಮೋನಿನ ತೊಂದರೆ), ಥೈರಾಯ್ಡ್ ತೊಂದರೆ, ಗರ್ಭಧಾರಣೆ ಅಲ್ಲವೆಂದು ಮೊದಲು ಖಾತ್ರಿಯಾಗಬೇಕು. ತೂಕ ಇಳಿಯದಿದ್ದರೆ ಎಲ್ಲ ಸರಿಯಿದೆ ಎನ್ನುವಂತಿಲ್ಲ. ಮೈ ಖರ್ಚು ಕಡಿತ ಮಾಡಿ ತೂಕ ಉಳಿಸಿಕೊಂಡಿರಬಹುದು. ಗರ್ಭನಿರೋಧಕ ಗುಳಿಗೆ ನುಂಗಿ ಬರಿಸಿದ ರಕ್ತಸ್ರಾವ ನಿಜವಾದ ಮುಟ್ಟಲ್ಲ. ತೊಂದರೆಯನ್ನು ಮುಚ್ಚಿಡುತ್ತದೆ, ಮೂಳೆಯನ್ನು ಮಾತ್ರ ಗಟ್ಟಿ ಮಾಡುವುದಿಲ್ಲ.

ಮೊಣಕಾಲ ಕೆಳಗಿನ ಎಲುಬಿನಲ್ಲೋ ಪಾದದಲ್ಲೋ ಬೆರಳಿಟ್ಟು ತೋರಿಸುವಂಥ ಒಂದೇ ಜಾಗದಲ್ಲಿ ನೋವಿದ್ದರೆ ಸ್ಟ್ರೆಸ್ ಫ್ರ್ಯಾಕ್ಚರ್, ಅಂದರೆ ಪದೇ ಪದೇ ಬೀಳುವ ಒತ್ತಡಕ್ಕೆ ಮೂಳೆಯಲ್ಲಿ ಮೂಡುವ ಸಣ್ಣ ಬಿರುಕು, ಶಂಕಿಸಿ. ತೊಡೆಸಂದಿನ ನೋವಾದರೆ ಅಂದೇ ಓಟ ನಿಲ್ಲಿಸಿ, ತೊಡೆಮೂಳೆಯ ಕತ್ತು ಬಿರಿದಿರಬಹುದು. ಮೊದಲ ವಾರಗಳಲ್ಲಿ ಎಕ್ಸ್-ರೇ ಏನೂ ತೋರಿಸದೆ ಹೋಗಬಹುದು, ಎಂಆರ್‌ಐ ಹಿಡಿಯುತ್ತದೆ. ಮೂಳೆ ಸಾಂದ್ರತೆಯ ಡೆಕ್ಸಾ ವರದಿಯಲ್ಲಿ ಈ ವಯಸ್ಸಿಗೆ ನೋಡಬೇಕಾದದ್ದು ಝಡ್ ಸ್ಕೋರ್, ಅಂದರೆ ಅದೇ ವಯಸ್ಸಿನವರ ಸರಾಸರಿಗೆ ಹೋಲಿಸಿ ಕೊಡುವ ಅಂಕ. ಓಟಗಾರ್ತಿಗೆ ಅದು -1ಕ್ಕಿಂತ ಕೆಳಗಿದ್ದರೆ ಎಚ್ಚರಿಕೆ ಬೇಕು.

ಮುಖ್ಯ ಮದ್ದು ಊಟವೇ. ಈಗ ತಿನ್ನುವುದರ ಮೇಲೆ ದಿನಕ್ಕೆ 300ರಿಂದ 600 ಕ್ಯಾಲೊರಿ ಹೆಚ್ಚಿಸಿ, ಜೊತೆಗೆ ಓಟವನ್ನೂ ತಗ್ಗಿಸಬೇಕಾಗಬಹುದು. ಪ್ರಾಕ್ಟೀಸಿಗೆ ಮುಂಚೆ ಬಾಳೆಹಣ್ಣು, ಮುಗಿದ ಅರ್ಧ ಗಂಟೆಯೊಳಗೆ ಹಾಲು ಹಾಕಿದ ರಾಗಿ ಗಂಜಿ ಅಥವಾ ಮೊಟ್ಟೆ, ಮಧ್ಯಾಹ್ನದ ಅನ್ನಕ್ಕೆ ತುಪ್ಪ, ಸಂಜೆಗೆ ಎಳ್ಳುಂಡೆ. 16ರಿಂದ 18ರವರಿಗೆ ದಿನಕ್ಕೆ 1050 ಮಿ.ಗ್ರಾಂ ಕ್ಯಾಲ್ಸಿಯಂ ಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಇದೆ, ಅರ್ಧ ಲೀಟರ್ ಹಾಲಿನಲ್ಲಿ ಸುಮಾರು 600. ಉಳಿಕೆ ಕೆಲವೇ ವಾರಗಳಲ್ಲಿ ಸರಿಹೋಗುತ್ತದೆ, ಮುಟ್ಟು ಮರಳಲು ತಿಂಗಳುಗಳು ಬೇಕು, ಮೂಳೆಗೆ ವರ್ಷಗಳೇ ಹಿಡಿಯುತ್ತವೆ, ಕೆಲವೊಮ್ಮೆ ಪೂರ್ತಿ ಮರಳುವುದೂ ಇಲ್ಲ.